ಇವತ್ತು ನಾನು ಫ್ರೀ

ಎಲ್ಲದಕ್ಕೂ ಕಾರಣ ಒಂದು ಸ್ಲೇಟು.

ಬೀಗದಣ್ಣನ ಅಂಗಡಿ ಅಗಲಕ್ಕೆ ಒಂದು ಬಾಗಿಲು, ಉದ್ದಕ್ಕೆ ಒಂದು ಮಂಚ. ಗೋಡೆ ತುಂಬ ಮೊಳೆ, ಮೊಳೆ ತುಂಬ ಬೀಗದ ಕೈಗಳು. ಗಾಳಿ ಬೀಸಿದರೆ ಅವೆಲ್ಲ ಸೇರಿ ಸಣ್ಣ ದನಿಯಲ್ಲಿ ಏನೋ ಚಾಡಿ ಹೇಳಿಕೊಳ್ಳುತ್ತಿದ್ದವು. ಬಾಗಿಲ ಪಕ್ಕದಲ್ಲಿ ಒಂದು ಸ್ಲೇಟು ನೇತಾಡುತ್ತಿತ್ತು. ಯಾರದಾದರೂ ಮನೆಗೆ ಕೆಲಸಕ್ಕೆ ಹೋಗುವಾಗ ಅದರ ಮೇಲೆ ‘ಈಗ ಬರುತ್ತೇನೆ’ ಎಂದು ಬರೆದು ಹೋಗುವುದು ಅವನ ರೂಢಿ. ಆ ದಿನ ಬೆಳಿಗ್ಗೆ ಅದನ್ನು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ನಾಲಿಗೆಯನ್ನು ತುಟಿಯ ಮೂಲೆಗೆ ಸೇರಿಸಿಕೊಂಡು, ದಪ್ಪಕ್ಷರದಲ್ಲಿ ಬರೆದ: ‘ಇವತ್ತು ನಾನು ಫ್ರೀ.’

ಬರೆದದ್ದು ಊರಿಗಲ್ಲ, ರಸ್ತೆಯಾಚೆಯ ಟೈಲರ್ ಹುಡುಗಿಗೆ.

ಹಿಂದಿನ ಸಂಜೆ ಅವಳು ತನ್ನ ಅಂಗಡಿಯ ಶಟರ್ ಎಳೆಯುತ್ತ ಹೇಳಿದ್ದಳು. “ಇವ್ರೇ, ನಾಳೆ ನೀವು ಯಾವಾಗ ಫ್ರೀ ಆಗ್ತೀರೋ ಹೇಳಿ. ಒಂದು ಮಾತಿದೆ. ಸಂಜೆ ಚಿಕ್ಕಪ್ಪ ಕರ್ಕೊಂಡು ಹೋಗೋಕೆ ಬರ್ತಾರೆ. ಯಾರೋ ಹುಡುಗನ ಮನೆಯವರು ನನ್ನ ನೋಡ್ಬೇಕಂತೆ. ಅಷ್ಟರೊಳಗೆ ಸಿಗಿ.”

ಆ ‘ಇವ್ರೇ’ಯನ್ನು ಅವನು ರಾತ್ರಿಯಿಡೀ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ್ದ. ರಸ್ತೆಯಲ್ಲಿ ಹಲ್ಲು ಬಿದ್ದವರಿಂದ ಹಿಡಿದು ಹಲ್ಲು ಬರದವರತನಕ ಎಲ್ಲರಿಗೂ ಅವನು ಅಣ್ಣ. ಅವಳೊಬ್ಬಳು ಮಾತ್ರ ಒಂದು ಸಲವೂ ಅಣ್ಣ ಎಂದಿರಲಿಲ್ಲ. ಕೂಗಬೇಕಾದಾಗೆಲ್ಲ ‘ಇವ್ರೇ’ ಎನ್ನುತ್ತಿದ್ದಳು. ಹೆಂಡತಿಯರು ಗಂಡಂದಿರನ್ನು ಕರೆಯುವ ಹಾಗೆ ಅದು ಅವನ ಕಿವಿಗೆ ಕೇಳುತ್ತಿತ್ತು. ಅವಳ ಬಾಯಿಗೆ ಹಾಗಿತ್ತೋ ಇಲ್ಲವೋ ಎಂಬುದು ಇವತ್ತು ಗೊತ್ತಾಗಬೇಕಿತ್ತು.

ರಸ್ತೆ ದಾಟಿ ಹೋಗಿ ಹೇಳಿದ್ದರೆ ಮುಗಿಯುತ್ತಿತ್ತು, ನಿಜ. ಏಳು ಸಮುದ್ರ ದಾಟಿ ಗಿಳಿಯ ಗೂಡು ಹುಡುಕುವ ರಾಜಕುಮಾರರೂ ಇದ್ದಾರೆ. ಇವನಿಗೆ ದಾಟಬೇಕಿದ್ದದ್ದು ಒಂದೇ ಒಂದು ರಸ್ತೆ. ಆದರೆ ಅವಳೆದುರು ನಿಂತ ಕೂಡಲೇ ಅವನ ನಾಲಿಗೆ ಮಳೆಯಲ್ಲಿ ನೆಂದ ಹಳೇ ಬೀಗದ ಹಾಗೆ ಹಿಡಿದುಕೊಳ್ಳುತ್ತಿತ್ತು. ಅದಕ್ಕೇ ಸ್ಲೇಟು.

ಸ್ಲೇಟು ಕೆಲಸ ಮಾಡಿತು. ಹೊಲಿಗೆ ಯಂತ್ರದ ಹಿಂದಿನಿಂದ ಅವಳು ತಲೆಯೆತ್ತಿದಳು, ಓದಿದಳು, ನಕ್ಕಳು. ಮುಂದೆ ಕುಳಿತಿದ್ದ ಗಿರಾಕಿಯನ್ನು ಕಣ್ಣಲ್ಲೇ ತೋರಿಸಿ, ದಾರ ಹಿಡಿದ ಕೈಯನ್ನು ಎತ್ತಿ, ‘ಸ್ವಲ್ಪ ತಾಳಿ, ಬಂದೆ’ ಎಂದು ಸನ್ನೆ ಮಾಡಿದಳು.

ಆ ‘ಸ್ವಲ್ಪ’ದಲ್ಲೇ ಬೇಕರಿ ಮಾಮ ಬಂದರು. ಪಕ್ಕದಂಗಡಿಯವರು. ಮೈಮೇಲೆ ಮೈದಾಹಿಟ್ಟು ಬಳಿದುಕೊಂಡು ಓಡಾಡುವುದರಿಂದ ಸುಣ್ಣದ ಗೋಡೆಯೇ ಎದ್ದು ಬಂದಂತೆ ಕಾಣುತ್ತಿದ್ದರು. ಸ್ಲೇಟಿನ ಮುಂದೆ ನಿಂತು ಅಕ್ಷರ ಕೂಡಿಸಿ ಓದಿದರು.

“ಏನಣ್ಣ, ಇವತ್ತು ಫ್ರೀನಾ?”

“ಹೌದು ಮಾಮ, ಫ್ರೀ.” ಬೀಗದಣ್ಣ ಸತ್ಯವನ್ನೇ ಹೇಳಿದ.

“ಪೂರ್ತಿ?”

“ಪೂರ್ತಿ ಫ್ರೀ.”

“ಸಂಜೆವರೆಗೂ?”

“ಸಂಜೆವರೆಗೂ.” ಹೇಳುವಾಗ ಅವನ ಕಣ್ಣು ರಸ್ತೆಯಾಚೆ ಇತ್ತು.

“ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಪ್ಪ,” ಎಂದು ಹರಸಿ ಮಾಮ ತಮ್ಮ ಬೇಕರಿಯೊಳಗೆ ಹೋದರು. ಹೊರಬಂದಾಗ ಅವರ ಎದೆಯ ಮೇಲೆ ಒಂದು ಟ್ರಂಕು, ಟ್ರಂಕಿನ ಮೇಲೆ ಒಂದು ಸೂಟ್‌ಕೇಸು, ಹಲ್ಲಿನಲ್ಲಿ ಕಚ್ಚಿಕೊಂಡ ಒಂದು ಬೀಗ ಇದ್ದವು.

“ಇದೇನು ಮಾಮ?”

“ನೀನೇ ಅಂದ್ಯಲ್ಲಪ್ಪ, ಫ್ರೀ ಅಂತ.”

“ಫ್ರೀ ಅಂದಿದ್ದು ನಾನು.”

“ಹೌದಲ್ಲ, ನೀನೇ ಅಂದಿದ್ದು. ನಾನೇನು ಇಲ್ಲ ಅಂದ್ನಾ?”

ಬೀಗದಣ್ಣ ಯಾರಿಗೂ ‘ಆಗಲ್ಲ’ ಎಂದು ಹೇಳಿ ಅಭ್ಯಾಸವಿಲ್ಲದವನು. ಸೂಟ್‌ಕೇಸು ಒಂದು ನಿಮಿಷದ ಕೆಲಸ, ಅವಳು ಬರುವುದರೊಳಗೆ ಮುಗಿಸೋಣ ಎಂದು ಕೂತ. ತಲೆಯೆತ್ತುವಷ್ಟರಲ್ಲಿ ಮಾಮನ ಬೇಕರಿಗೆ ಬಂದವರೆಲ್ಲ ಬ್ರೆಡ್ಡಿನ ಜೊತೆ ಸುದ್ದಿಯನ್ನೂ ಕಟ್ಟಿಸಿಕೊಂಡು ಹೋಗಿದ್ದರು.

ಸಾಲು ಶುರುವಾಯಿತು. ಒಬ್ಬರು ಸೈಕಲ್ಲಿನ ಬೀಗ ತಂದರು, ಸೈಕಲ್ಲಿಗೇ ಸಿಕ್ಕಿಸಿಕೊಂಡು. ಒಬ್ಬರು ಬಚ್ಚಲುಮನೆಯ ಚಿಲಕವನ್ನು ಬಾಗಿಲ ತುಂಡಿನ ಸಮೇತ ಕಿತ್ತು ತಂದರು. ಅದು ರಿಪೇರಿಯಾಗುವವರೆಗೆ ಆ ಮನೆಯಲ್ಲಿ ಸ್ನಾನಕ್ಕೆ ಹೋದವರು ಹಾಡು ಹೇಳುತ್ತಿರಬೇಕೆಂದು ಏರ್ಪಾಡಾಗಿತ್ತಂತೆ. ಒಂದು ಅಲ್ಮೇರಾ ತಾನೇ ನಡೆದುಕೊಂಡು ಬರುತ್ತಿದೆ ಎಂದುಕೊಂಡು ನೋಡಿದರೆ ಅದರ ಹಿಂದೆ ಗಂಡ ಹೆಂಡತಿ ಇಬ್ಬರು ಬೆವರುತ್ತಿದ್ದರು.

ಅಂಥ ಹೊತ್ತಿನಲ್ಲೇ ಟೈಲರ್ ಹುಡುಗಿ ಬಾಗಿಲಿಗೆ ಬಂದು ನಿಂತಳು. ಎರಡು ಹುಬ್ಬು ಮೇಲೆತ್ತಿದಳು. ಫ್ರೀ ಆದ್ರಾ?

ಬೀಗದಣ್ಣ ಸ್ಕ್ರೂಡ್ರೈವರ್ ಎತ್ತಿ ತೋರಿಸಿದ. ಈಗ ಆಗ್ತೀನಿ.

ಅವಳು ಒಳಗೆ ಹೋದಳು. ಯಂತ್ರ ಮತ್ತೆ ಟರ್ರೆಂದಿತು. ಇವನ ಎದೆಯಲ್ಲೂ ಅಂಥದೇ ಸದ್ದು.

ಸಾಲನ್ನು ಸೀಳಿಕೊಂಡು ಮೇಷ್ಟ್ರು ಬಂದದ್ದು ಆಗ. ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಕೆಲಸದಿಂದ ನಿವೃತ್ತರಾಗಿದ್ದರೇ ಹೊರತು ಇಂಗ್ಲಿಷಿನಿಂದ ಅಲ್ಲ. ಔಷಧಿ ಬಾಟಲಿಯ ಮೇಲಿನ ಚೀಟಿಗೂ ಕೆಂಪು ಶಾಯಿಯಲ್ಲಿ ತಪ್ಪು ತಿದ್ದುವ ಮನುಷ್ಯ. ಸ್ಲೇಟನ್ನು ನೋಡಿದರು, ಸಾಲನ್ನು ನೋಡಿದರು, ಕಷ್ಟ ಅರ್ಥವಾಯಿತು.

“ತಪ್ಪು ನಿಂದಲ್ಲಪ್ಪ, ಪದದ್ದು,” ಎಂದರು, ಮಾಮನ ಟ್ರಂಕಿನ ಮೇಲೆ ಕೂರುತ್ತ. “ಫ್ರೀ ಅನ್ನೋದು ಪದ ಅಲ್ಲ, ಧರ್ಮಛತ್ರ. ಯಾವ ಅರ್ಥ ಬೇಕಾದ್ರೂ ಬಂದು ಮಲಗ್ಬೋದು. ನಾನು ಫ್ರೀ ಅಂದ್ರೆ ಬಿಡುವಾಗಿದೀನಿ. ಸೋಪಿನ ಜೊತೆ ಬ್ರಷ್ಷು ಫ್ರೀ ಅಂದ್ರೆ ಪುಕ್ಕಟೆ. ಅವಳು ತುಂಬ ಫ್ರೀ ಅಂದ್ರೆ ಸಂಕೋಚ ಇಲ್ಲದೆ ಮಾತಾಡ್ತಾಳೆ. ಶುಗರ್ ಫ್ರೀ ಅಂದ್ರೆ ಸಕ್ಕರೆ ಇಲ್ಲ.”

“ಸಕ್ಕರೆ ಇಲ್ವಾ?” ಬೇಕರಿ ಮಾಮನ ಮುಖ ಮೈದಾಕ್ಕಿಂತ ಬಿಳಿಚಿತು. “ಸಕ್ಕರೆ ಪುಕ್ಕಟೆ ಅಂತಲ್ವಾ? ಹಾಗೆ ಬರೆದಿರೋ ಬಿಸ್ಕತ್ತಿನ ಪ್ಯಾಕೆಟ್ ತಗೊಂಡೋರಿಗೆಲ್ಲ ನಾನು ಸಕ್ಕರೆ ಪೊಟ್ಟಣ ಕಟ್ಟಿ ಕೊಡ್ತಾ ಇದೀನಲ್ಲ ಮೇಷ್ಟ್ರೇ.”

“ಅವರು ಏನೂ ಅನ್ಲಿಲ್ವಾ?”

“ತುಂಬ ಒಳ್ಳೆಯವರು ನೀವು ಅಂದ್ರು.”

“ಇನ್ನು ಡಾಕ್ಟ್ರು ಹೊಟ್ಟೆ ಫ್ರೀ ಆಯ್ತಾ ಅಂತ ಕೇಳಿದ್ರೆ…” ಎಂದು ಮೇಷ್ಟ್ರು ಮುಂದುವರಿದರು.

“ಅದು ಗೊತ್ತು ಮೇಷ್ಟ್ರೇ,” ಎಂದಿತು ಸಾಲು ಒಟ್ಟಾಗಿ.

ಬೀಗದಣ್ಣ ಕೈಮುಗಿದ. “ಮೇಷ್ಟ್ರೇ, ನನಗೆ ಅರ್ಥ ಬೇಡ. ಇವರನ್ನೆಲ್ಲ ಮನೆಗೆ ಕಳಿಸಿ ಸಾಕು. ಸಂಜೆಯೊಳಗೆ ನಾನು ಒಬ್ಬರ ಹತ್ರ ಮಾತಾಡ್ಬೇಕು.”

“ಅದಕ್ಕೇನಂತೆ,” ಎಂದು ಮೇಷ್ಟ್ರು ಸೀಮೆಸುಣ್ಣ ತಗೊಂಡು ಸ್ಲೇಟಿನ ಬಳಿ ಹೋದರು. ‘ಇವತ್ತು ನಾನು ಫ್ರೀ’ ಎಂಬುದರ ಕೆಳಗೆ, ಗೆರೆ ಎಳೆದಂತೆ ನೇರವಾಗಿ, ‘ಕೆಲಸ ಫ್ರೀ ಅಲ್ಲ’ ಎಂದು ಸೇರಿಸಿ ಕೈ ಕೊಡವಿಕೊಂಡರು.

ಸಾಲಿನಲ್ಲಿ ಗೊಣಗಾಟ ಎದ್ದಿತು. ಒಬ್ಬಿಬ್ಬರು ಚಿಲಕ ಬಗಲಿಗೆ ಸಿಕ್ಕಿಸಿಕೊಂಡು ತಿರುಗಿದರು. ಬೀಗದಣ್ಣನ ಮುಖ ಅರಳಿತು. ಅರಳಿದ ಮುಖ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಅಂಗಡಿಯ ಮಾಲೀಕರ ಹೆಂಡತಿ ಅಲ್ಲಿಗೆ ಬಂದರು. ಎಲ್ಲರ ಬಾಯಲ್ಲೂ ಅವರು ಮಾಲೀಕರಮ್ಮ. ಬಾಡಿಗೆ ಮಾಲೀಕರದು, ಆಡಳಿತ ಇವರದು.

ಅವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. “‘ಇವತ್ತು ನಾನು ಫ್ರೀ. ಕೆಲಸ ಫ್ರೀ ಅಲ್ಲ.’ ಅಂದ್ರೆ ಏನಪ್ಪ, ಕೆಲಸಕ್ಕೆ ದುಡ್ಡು ಕೊಟ್ರೆ ನೀನು ಜೊತೆಗೆ ಫ್ರೀನಾ?”

ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹೊರಟವರೂ ನಿಂತು ನಕ್ಕರು.

“ನಗಬೇಡಿ,” ಎಂದರು ಮಾಲೀಕರಮ್ಮ. “ಪಾಪ, ಬೀಗ ಮಾಡಿ ಮಾಡಿ ತಲೆಕೂದಲು ನೆರೀತಾ ಬಂತು, ಇನ್ನೂ ಬೀಗರು ಸಿಕ್ಕಿಲ್ಲ. ಬಾಯಿಬಿಟ್ಟು ಹೇಳೋಕೆ ನಾಚಿಕೆಯಾಗಿ ಬೋರ್ಡ್ ಹಾಕ್ಕೊಂಡಿದಾನೆ. ನಮ್ಮ ನಾದಿನಿ ಮಗಳಿದಾಳೆ, ತಾಳು.”

“ಬೇಡ ಮಾಲೀಕರಮ್ಮ, ಅದು ಹಾಗಲ್ಲ…”

ಅಷ್ಟರಲ್ಲಿ ಅವರು ಫೋನ್ ಹಚ್ಚಿಯಾಗಿತ್ತು. ಕಿವಿ ಸ್ವಲ್ಪ ಮಂದವಾದ್ದರಿಂದ ಸ್ಪೀಕರಿನಲ್ಲೇ ಮಾತಾಡುವವರು. “ನಾದಿನಿ, ಇಲ್ಲೊಬ್ಬ ಹುಡುಗ ಫ್ರೀ ಇದಾನೆ. ಒಳ್ಳೆಯವನು.”

“ಫ್ರೀನಾ?” ನಾದಿನಿಯ ದನಿ ಇಡೀ ರಸ್ತೆಗೆ ಕೇಳಿತು. “ಫ್ರೀ ಬರೋದ್ರಲ್ಲಿ ಏನಾದ್ರೂ ಒಡಕು ಇದ್ದೇ ಇರುತ್ತೆ ಅತ್ತಿಗೆ. ವಾರಂಟಿ ಇದೆಯಾ ಕೇಳಿ.”

ರಸ್ತೆಯಾಚೆ ಹೊಲಿಗೆ ಯಂತ್ರ ನಿಂತುಹೋಯಿತು. ಬೀಗದಣ್ಣ ಆ ಕಡೆ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಅವಳೂ ನಗುತ್ತಿದ್ದರೆ ಒಂದು ಕಷ್ಟ, ನಗದಿದ್ದರೆ ಇನ್ನೊಂದು.

ಅವನು ತಲೆ ತಗ್ಗಿಸಿ ಕೈಗೆ ಸಿಕ್ಕ ಬೀಗವನ್ನೆಲ್ಲ ಬಿಚ್ಚತೊಡಗಿದ. ಜಗಳವಾಡಿ ಕಳಿಸುವುದಕ್ಕಿಂತ ಮಾಡಿ ಕಳಿಸುವುದೇ ಬೇಗ ಎಂದು ತೋರಿತು. ಹಾಗೆ ನೋಡಿದರೆ ಅದು ಸರಿಯಾದ ಲೆಕ್ಕವೇ. ಬಿಸಿಲು ಇಳಿಯುವ ಹೊತ್ತಿಗೆ ಅಲ್ಮೇರಾ ಬಾಯಿಬಿಟ್ಟಿತು, ಸೈಕಲ್ಲು ಹೊರಟುಹೋಯಿತು, ಸಾಲು ಬಾಲದಷ್ಟಾಯಿತು. ಇನ್ನೇನು ಮುಗಿಯಿತು ಎನ್ನುವಾಗ ಡ್ರಾಮಾ ಇನ್ಸ್‌ಪೆಕ್ಟರು ಬಂದರು.

ಅವರು ನಿಜವಾದ ಇನ್ಸ್‌ಪೆಕ್ಟರಲ್ಲ. ಗೋದಾಮಿನಲ್ಲಿ ಮೂಟೆ ಎಣಿಸುವವರು. ಆದರೆ ಊರಿನ ನಾಟಕ ತಂಡದಲ್ಲಿ ಯಾವ ನಾಟಕವಿರಲಿ, ಕೊನೆಯ ದೃಶ್ಯದಲ್ಲಿ ಬಂದು ಎಲ್ಲರನ್ನೂ ಹಿಡಿದುಕೊಂಡು ಹೋಗುವ ಪಾತ್ರ ಅವರದೇ. ಮೀಸೆಯನ್ನು ಆಗಲೇ ಅಂಟಿಸಿಕೊಂಡಿದ್ದರು.

“ಅಣ್ಣ, ಇವತ್ತು ನಾಟಕ ಇದೆ. ಈ ಕೈಕೋಳ ತುಕ್ಕು ಹಿಡಿದು ಬಿಗಿಯಾಗ್ಬಿಟ್ಟಿದೆ. ಕಳ್ಳನ ಕೈ ಹಿಡ್ಕೊಂಡು ಒತ್ತಿದ್ರೆ ಲಾಕೇ ಆಗಲ್ಲ. ಹೋದ ಸಲ ಕಳ್ಳನೇ ಪಾಪ, ಕೈ ಜೋಡಿಸ್ಕೊಂಡು ನಡೆದ. ಸ್ವಲ್ಪ ಫ್ರೀ ಮಾಡ್ಕೊಡು.”

“ನೋಡಿದ್ಯಾ?” ಮೇಷ್ಟ್ರು ಟ್ರಂಕಿನ ಮೇಲಿಂದ ಎದ್ದರು. “ಇದು ಇನ್ನೊಂದು ಅರ್ಥ. ಫ್ರೀ ಮಾಡೋದು ಅಂದ್ರೆ ಸಡಿಲ ಮಾಡೋದು. ಆದ್ರೆ ಕೈಕೋಳ ಫ್ರೀ ಆದಷ್ಟೂ ಕೈ ಫ್ರೀ ಇರಲ್ಲ. ಭಾಷೆಯ ಚಮತ್ಕಾರ ಅಂದ್ರೆ ಇದೇ.”

ಬೀಗದಣ್ಣ ಎಣ್ಣೆ ಬಿಟ್ಟ, ಮೊಳೆಯಲ್ಲಿ ಕೆರೆದ, ಹಲ್ಲುಗಳನ್ನು ಹಿಂದೆ ಮುಂದೆ ಆಡಿಸಿದ. ಕಿರ್ರೆಂದದ್ದು ಕಿರಕಿರವಾಯಿತು, ಕಿರಕಿರವೆಂದದ್ದು ಬೆಣ್ಣೆಯಾಯಿತು. ಪರೀಕ್ಷೆಗೆಂದು ಕೈಕೋಳದ ಒಂದು ಬಳೆಯನ್ನು ತನ್ನ ಬಲಗೈಗೆ ಹಾಕಿ ಒತ್ತಿದ. ಟಕ್ ಎಂದಿತು.

“ಎಷ್ಟು ಫ್ರೀಯಾಗಿದೆ ಎಲ್ಲಿ ನೋಡೋಣ,” ಎಂದು ಮೇಷ್ಟ್ರು ಇನ್ನೊಂದರೊಳಗೆ ಎಡಗೈ ತೂರಿಸಿದರು. ಅದೂ ಟಕ್ ಎಂದಿತು.

“ಸೊಗಸಾಗಿ ಬಂತು,” ಎಂದರು ಇನ್ಸ್‌ಪೆಕ್ಟರು.

“ಕೀಲಿ ಕೊಡಿ,” ಎಂದ ಬೀಗದಣ್ಣ.

“ಕೀಲಿ ಎಲ್ಲಿದೆ? ಲಾಕೇ ಆಗ್ತಿರ್ಲಿಲ್ಲ ಅಂದ್ಮೇಲೆ ಕೀಲಿ ಇಟ್ಕೊಂಡು ಏನ್ಮಾಡ್ಲಿ? ಯಾವಾಗ್ಲೋ ಎಸೆದೆ.”

ಕೆಲಸ ಮಾಡುವ ಬಲಗೈ ಮೇಷ್ಟ್ರ ಎಡಗೈಗೆ ಗಂಟು ಬಿದ್ದಿತ್ತು. ಇವನು ತಂತಿ ಹುಡುಕಲು ಬಗ್ಗಿದರೆ ಮೇಷ್ಟ್ರು ಬಗ್ಗಬೇಕು, ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರೆ ಇವನ ಕೈ ಅವರ ಮೂಗಿನವರೆಗೆ ಹೋಗಬೇಕು. ಇಬ್ಬರೂ ಮೇಜಿನಡಿ ತಲೆ ತೂರಿಸಿ, ಕೋಳವಿಲ್ಲದ ಕೈಯಲ್ಲಿ ತಡಕಾಡುತ್ತಿದ್ದಾಗ ಹಿಂದಿನಿಂದ ಯಾರೋ ಕೇಳಿದರು.

“ಫ್ರೀನಾ?”

ಬೆಳಗಿನಿಂದ ಕಟ್ಟಿಟ್ಟದ್ದೆಲ್ಲ ಒಡೆಯಿತು. “ಫ್ರೀ ಇಲ್ಲ,” ಎಂದು ಬೀಗದಣ್ಣ ಮೇಜಿನಡಿಯಿಂದಲೇ ಕೂಗಿದ. “ಬೋರ್ಡ್ ಬರೆದಿದ್ದೇ ತಪ್ಪು. ನಾನು ಯಾರಿಗೂ ಫ್ರೀ ಇಲ್ಲ. ಇವತ್ತೂ ಇಲ್ಲ, ನಾಳೇನೂ ಇಲ್ಲ, ಸಾಯೋವರೆಗೂ ಇಲ್ಲ. ದಯವಿಟ್ಟು ಹೋಗಿ.”

ಯಾರೋ ತಿರುಗಿ ಹೋಗುವ ಹೆಜ್ಜೆ ಸದ್ದು ಕೇಳಿಸಿತು.

“ಪಾಪ ಆ ಟೈಲರ್ ಹುಡುಗಿ,” ಎಂದರು ಬೇಕರಿ ಮಾಮ. “ಏನು ರಿಪೇರಿಗೆ ಬಂದಿದ್ಲೋ ಏನೋ. ಕೈಯಲ್ಲಿ ಏನೂ ಇರ್ಲಿಲ್ಲ.”

ಬೀಗದಣ್ಣನ ತಲೆ ಮೇಜಿಗೆ ಬಡಿಯಿತು. ಅದನ್ನು ಉಜ್ಜಿಕೊಳ್ಳಲೂ ನಿಲ್ಲದೆ ಅವನು ಓಡಿದ. ಮೇಷ್ಟ್ರು ಓಡಿದರು ಎನ್ನುವ ಹಾಗಿಲ್ಲ, ಗಾಳಿಪಟದ ಬಾಲ ಗಾಳಿಪಟದ ಹಿಂದೆ ಹೋಗುವ ಹಾಗೆ ಹೋದರು. ವರ್ಷಗಳಿಂದ ದಾಟಲಾಗದ ರಸ್ತೆಯನ್ನು ಅವನು ಹೇಗೆ ದಾಟಿದನೆಂದು ಅವನಿಗೇ ಗೊತ್ತಾಗಲಿಲ್ಲ.

ಅವಳು ಶಟರ್ ಅರ್ಧ ಎಳೆದಿದ್ದಳು.

“ನಿಮಗಲ್ಲ ಹೇಳಿದ್ದು,” ಎಂದ, ಏದುಸಿರು ಬಿಡುತ್ತ.

“ಯಾರಿಗೂ ಇಲ್ಲ ಅಂದ್ರಿ.” ಅವಳು ತಿರುಗಲಿಲ್ಲ.

“ಯಾರಿಗೂ ಅಂದ್ರೆ ಎಲ್ರಿಗೂ. ನೀವು ಎಲ್ರ ಪೈಕಿ ಅಲ್ಲ.”

ನಾಲಿಗೆಯ ಬೀಗ ಹೀಗೆ ತಾನಾಗಿಯೇ ಬಿಚ್ಚಿಕೊಂಡದ್ದಕ್ಕೆ ಅವನೇ ಬೆಚ್ಚಿದ. ಅವಳು ತಿರುಗಿದಳು. ಮೊದಲು ಅವನ ಮುಖ ನೋಡಿದಳು, ಆಮೇಲೆ ಕೈಕೋಳ, ಆಮೇಲೆ ಕೈಕೋಳದ ಆ ತುದಿಯಲ್ಲಿ ಏದುಸಿರು ಬಿಡುತ್ತಿದ್ದ ಮೇಷ್ಟ್ರನ್ನು.

“ಇವರು?”

“ನಾನು ಇವನ ಜೊತೆ ಫ್ರೀ ಕಣಮ್ಮ,” ಎಂದರು ಮೇಷ್ಟ್ರು. “ಎರಡನೇ ಅರ್ಥದಲ್ಲಿ.”

ಅವಳು ನಕ್ಕಳು. ಬೆಳಿಗ್ಗೆ ಸ್ಲೇಟು ಓದಿ ನಕ್ಕಳಲ್ಲ, ಅದಕ್ಕಿಂತ ದೊಡ್ಡ ನಗು. ಸೆರಗಿಗೆ ಸಿಕ್ಕಿಸಿಕೊಂಡಿದ್ದ ದಪ್ಪ ಸೂಜಿಯನ್ನು ತೆಗೆದು ಅವನ ಎಡಗೈಗೆ ಕೊಟ್ಟಳು.

“ಆ ಸ್ಲೇಟು ಯಾರಿಗೆ ಅಂತ ನನಗೆ ಗೊತ್ತಿಲ್ವಾ? ಬೆಳಗ್ಗೆಯಿಂದ ಕಾದಿದೀನಿ. ಆದ್ರೆ ಮೇಷ್ಟ್ರ ಮುಂದೆ ಹೇಗೆ ಹೇಳ್ಲಿ ಇವ್ರೇ? ಇವರನ್ನ ಬಿಡಿಸ್ಕೊಂಡು ಬನ್ನಿ. ಚಿಕ್ಕಪ್ಪ ಬರೋ ಹೊತ್ತಾಯ್ತು. ನಂದೂ ಒಂದು ಅಂಚು ಹೊಲಿಯೋದು ಉಳಿದಿದೆ, ಮುಗಿಸಿ ಫ್ರೀ ಆಗ್ತೀನಿ.”

ಅವನು ಅಂಗಡಿಗೆ ಹಿಂತಿರುಗಿದ. ಎಡಗೈಯಲ್ಲಿ, ಹೊಸದಾಗಿ ಅಕ್ಷರ ಕಲಿಯುವವನಂತೆ, ಸೂಜಿ ತೂರಿಸಿ ತಿರುವತೊಡಗಿದ. ಮೇಷ್ಟ್ರು ಉಸಿರು ಬಿಗಿಹಿಡಿದು ಕೂತರು. ಮೊದಲು ಬಿಚ್ಚಿದ್ದು ಮೇಷ್ಟ್ರದು, ಆಮೇಲೆ ಇವನದು. ಕೈಕೋಳ ಕೊಡಲು ನೋಡಿದರೆ ಇನ್ಸ್‌ಪೆಕ್ಟರು ಇರಲಿಲ್ಲ. ಬೇಕರಿ ಮಾಮನೂ ಇರಲಿಲ್ಲ. ಮಾಲೀಕರಮ್ಮ, ಸಾಲಿನ ಬಾಲ, ಯಾರೂ ಇರಲಿಲ್ಲ. ಎಂಥ ಅದೃಷ್ಟ ಎಂದುಕೊಂಡ. ಬಕೆಟ್ಟಿನ ನೀರಿನಲ್ಲಿ ಮುಖ ತೊಳೆದು, ಅಂಗಿಯ ತುದಿಯಲ್ಲಿ ಒರೆಸಿ, ಹೇಳಬೇಕಾದ ವಾಕ್ಯವನ್ನು ಗೋಡೆಯ ಬೀಗದ ಕೈಗಳಿಗೆ ಒಂದು ಸಲ ಒಪ್ಪಿಸಿ, ಹೊರಗೆ ಬಂದ.

ಎಲ್ಲರೂ ರಸ್ತೆಯಾಚೆ ಇದ್ದರು.

ಟೈಲರ್ ಹುಡುಗಿಯ ಅರ್ಧ ಶಟರಿನ ಮೇಲೆ, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಿಂದ, ದುಂಡಗೆ ಬರೆದಿತ್ತು: ‘ನಾನೂ ಫ್ರೀ.’ ಅದರ ಕೆಳಗೆ ಮಾಲೀಕರಮ್ಮ ಮನೆಯ ಪರದೆಗಳನ್ನೆಲ್ಲ ಹೊತ್ತು ನಿಂತಿದ್ದರು. ಅವರ ಹಿಂದೆ ಬೇಕರಿ ಮಾಮ, ಕೈಯಲ್ಲಿ ಏಪ್ರನ್ನು. ಅವರ ಹಿಂದೆ ಇನ್ಸ್‌ಪೆಕ್ಟರು, ಸಮವಸ್ತ್ರದ ಪ್ಯಾಂಟಿನ ಹರಿದ ಭಾಗವನ್ನು ಟೋಪಿಯಿಂದ ಮುಚ್ಚಿಕೊಂಡು. ನಡುವೆ ಅವಳು ತುಟಿಯಲ್ಲಿ ಸೂಜಿ ಕಚ್ಚಿಕೊಂಡು ಪರದೆಯ ಅಂಚು ಹೊಲಿಯುತ್ತಿದ್ದಳು.

ಬೀಗದಣ್ಣ ರಸ್ತೆ ದಾಟುವಷ್ಟರಲ್ಲಿ ಚಿಕ್ಕಪ್ಪ ಬಂದರು. ಇಸ್ತ್ರಿ ಮಾಡಿದ ಕೋಟು, ಇಸ್ತ್ರಿ ಮಾಡಿದಂಥದೇ ಮುಖ.

“ಏನಮ್ಮ ಇದು ಜಾತ್ರೆ? ನಡಿ, ಹುಡುಗನ ಮನೆಯವರು ಕಾಯ್ತಿದಾರೆ.”

ಅವಳು ಸೂಜಿ ತೆಗೆದಳು. “ಚಿಕ್ಕಪ್ಪ, ಅವರಿಗೆ ಹೇಳ್ಬಿಡಿ. ನಾನು ಫ್ರೀ ಇಲ್ಲ.”

“ಸರಿ, ನಾಳೆ ಬರೋಕೆ ಹೇಳ್ತೀನಿ.”

“ನಾಳೇನೂ ಇಲ್ಲ ಚಿಕ್ಕಪ್ಪ. ಆ ಥರ ಫ್ರೀ ಇಲ್ಲ.”

ಚಿಕ್ಕಪ್ಪ ಶಟರಿನ ಮೇಲಿನ ಬರಹ ಓದಿದರು, ಅವಳನ್ನು ನೋಡಿದರು, ಮತ್ತೆ ಓದಿದರು. ಬೀಗದಣ್ಣನ ಹಿಂದೆಯೇ ಬಂದಿದ್ದ ಮೇಷ್ಟ್ರ ಕಡೆ ತಿರುಗಿ, “ಓದಿದವರ ಹಾಗೆ ಕಾಣ್ತೀರಿ. ಇವಳು ಫ್ರೀನೋ ಅಲ್ವೋ?” ಎಂದು ಕೇಳಿದರು.

ಮೇಷ್ಟ್ರು ಅವಳನ್ನು ನೋಡಿದರು, ಇನ್ನೂ ಕೆಂಪಗಿದ್ದ ತಮ್ಮ ಮಣಿಕಟ್ಟನ್ನು ನೋಡಿಕೊಂಡರು. “ಬರೆದಿದ್ದೂ ಸರಿ, ಹೇಳಿದ್ದೂ ಸರಿ,” ಎಂದರು. “ಹೆಚ್ಚಿಗೆ ವಿವರಿಸೋಕೆ ನಾನು ಇವತ್ತು ಫ್ರೀ ಇಲ್ಲ.”

ಬೀಗದಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮುಂದೆ ನುಗ್ಗಿದ.

“ಸಾಲು, ಸಾಲು,” ಎಂದು ಮಾಲೀಕರಮ್ಮ ತಡೆದರು.

“ನಂದು ಒಂದೇ ಮಾತು ಮಾಲೀಕರಮ್ಮ.”

“ನಂದೂ ಒಂದೇ ಹೊಲಿಗೆ. ಬೆಳಗ್ಗೆಯಿಂದ ನಾವು ನಿನ್ನ ಅಂಗಡೀಲಿ ನಿಲ್ಲಲಿಲ್ವಾ? ಹಿಂದೆ ಹೋಗು.”

ಅವನು ಹಿಂದೆ ಹೋದ. ಸಾಲಿನ ತುದಿಯಲ್ಲಿ ಚಿಕ್ಕಪ್ಪ ಆಗಲೇ ನಿಂತಿದ್ದರು, ಕೋಟು ಬಿಚ್ಚಿ ಮಡಿಸಿ ತೋಳಿಗೆ ಹಾಕಿಕೊಂಡು. “ಒಳಜೇಬು ಹರಿದಿದೆ,” ಎಂದರು ಇವನಿಗೆ. “ಬಂದದ್ದಂತೂ ಬಂದೆ. ಫ್ರೀ ಅಂತ ಬೇರೆ ಬರೆದಿದಾಳೆ.” ಆಮೇಲೆ ಇವನ ಎಣ್ಣೆಗೈ ನೋಡಿ ಕೇಳಿದರು. “ನೀವು ಏನು ಕೆಲಸ?”

“ಬೀಗ ರಿಪೇರಿ.”

“ಒಳ್ಳೇದಾಯ್ತು. ನಮ್ಮನೆ ಮುಂಬಾಗಿಲು ತೆಗೆಯೋದೇ ಒಂದು ಯುದ್ಧ. ನಾಳೆ ಬೆಳಿಗ್ಗೆ ಮನೇಲಿ ಎಲ್ರೂ ಇರ್ತೀವಿ, ಇವಳೂ ಇರ್ತಾಳೆ. ನೀವು ಫ್ರೀ ಇದ್ದೀರಾ?”

ಬೀಗದಣ್ಣ ಸಾಲಿನ ಮೇಲಿಂದ ಅವಳ ಕಡೆ ನೋಡಿದ. ಪರದೆಯ ರಾಶಿಯ ನಡುವಿನಿಂದ ಅವಳು ಎರಡು ಹುಬ್ಬು ಮೇಲೆತ್ತಿ, ಕಂಡೂ ಕಾಣದ ಹಾಗೆ ತಲೆಯಾಡಿಸಿದಳು. ಇಡೀ ದಿನ ಆ ಪದ ತನಗೆ ಮಾಡಿದ್ದೆಲ್ಲ ಅವನ ಕಣ್ಣ ಮುಂದೆ ಒಮ್ಮೆ ಹಾದುಹೋಯಿತು.

“ಫ್ರೀ,” ಎಂದ.

“ಭೇಷ್,” ಎಂದರು ಚಿಕ್ಕಪ್ಪ, ಅವನ ಬೆನ್ನು ತಟ್ಟಿ. “ಫ್ರೀ ಅಂದ್ಮೇಲೆ ಕಿಟಕಿ ಚಿಲಕಗಳನ್ನೂ ನೋಡ್ಬಿಡಿ.”